ಅತ್ತೆ ಕೊಟ್ಟ ಉತ್ತರಗಳು

ನರ್ಸಿಂಗ್ ಓದಿದ ಮೇಲೆ ಸಿಕ್ಕ ಮೊದಲ ಕೆಲಸದಲ್ಲಿ ನಾನು ಎರಡು ವರ್ಷ ಚನ್ನಗಿರಿಯ ಸುತ್ತಲಿನ ಊರುಗಳನ್ನು ತಿರುಗಿದೆ. ಬಸುರಿಯರ ತೂಕ, ಬಿಪಿ, ರಕ್ತ ನೋಡುವವರು ಬೇರೆ ಇದ್ದರು. ಅವರ ಮನಸ್ಸಿನಲ್ಲಿ ಆತಂಕ ಎಷ್ಟಿದೆ ಎಂದು ಅಳೆಯುವುದು ನನ್ನ ಪಾಲಿಗೆ ಬಂದಿತ್ತು. ಪ್ರಶ್ನೆ ಓದಬೇಕು, ಉತ್ತರಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ ಹಾಕಬೇಕು, ಹೆಚ್ಚು ಬಂದವರನ್ನು ಡಾಕ್ಟರ ಹತ್ತಿರ ಕಳಿಸಬೇಕು.

ಕೆರೆಬಿಳಚಿಯ ಒಂದು ಮನೆಯಲ್ಲಿ ಏಳು ತಿಂಗಳ ಚೊಚ್ಚಲ ಬಸುರಿಯೊಬ್ಬಳಿದ್ದಳು. "ಕಳೆದ ವಾರ ಕಾರಣವಿಲ್ಲದೆ ಆತಂಕವಾಗಿತ್ತೇ?" ಎಂದು ಹಾಳೆ ನೋಡಿ ಓದಿದೆ. ಹುಡುಗಿ ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದ ಅತ್ತೆಯ ಮುಖ ನೋಡಿದಳು.

"ಅವಳಿಗೆಂಥ ಆತಂಕ ರೀ? ಹಾಲು ಐತೆ, ಹಣ್ಣು ಐತೆ. ಇಲ್ಲ ಅಂತ ಬರ್ಕಳ್ರಿ" ಎಂದರು ಅತ್ತೆ.

ಬಸುರಿಯನ್ನು ಒಬ್ಬಳೇ ಇರುವಾಗ ಕೇಳಬೇಕೆಂಬುದು ನಿಯಮ. ಆದರೆ ಅತ್ತೆಯನ್ನು ಅಲ್ಲಿಂದ ಎಬ್ಬಿಸಿ ಕಳಿಸುವ ಧೈರ್ಯ ನನಗಾಗಲಿಲ್ಲ. ಎಲ್ಲಕ್ಕೂ ಅವರೇ ಉತ್ತರ ಕೊಟ್ಟರು. ಒಟ್ಟು ಸೊನ್ನೆ. ಆಮೇಲೆ ಮಂಡಕ್ಕಿ ತಿನ್ನಿಸಿ, ನನ್ನ ಫೋನ್ ನಂಬರ್ ಬರೆಸಿಕೊಂಡು ಕಳಿಸಿದರು. ಬಸ್ಸಿನಲ್ಲಿ ಕೂತು ಆ ಸೊನ್ನೆ ನೋಡಿಕೊಂಡರೆ ನನಗೇ ನಾಚಿಕೆಯಾಯಿತು.

ಹುಡುಗಿ ಹೆರಿಗೆಗೆಂದು ತವರಾದ ಕತ್ತಲಗೆರೆಗೆ ಹೋದಳು. ಹೆಣ್ಣು ಮಗುವಾಯಿತು. ತಿಂಗಳು ಕಳೆದ ಮೇಲೆ ಅತ್ತೆಯ ಫೋನ್ ಬಂತು.

"ಮೊಮ್ಮಗಳನ್ನ ನೋಡಾಕೆ ಹೋಗಿದ್ದೆ ಕಣ್ರೀ. ಹುಡುಗಿ ಯಾಕೋ ಸರಿ ಇಲ್ಲ. ಮಗು ಮಲಗಿದ್ರೂ ಮೂಗಿನ ಹತ್ರ ಬೆರಳಿಟ್ಟು ನೋಡ್ತಾನೇ ಇರ್ತಾಳೆ. ಉಣ್ಣಾಕೂ ಎದ್ದು ಬರಲ್ಲ. ಆ ನಿಮ್ಮ ಪ್ರಶ್ನೆ ಇನ್ನೊಂದು ಸಲ ಕೇಳ್ರಿ. ಈ ಸಲ ನಾನು ಬಾಯಿ ಹಾಕಲ್ಲ."

ಮರುದಿನ ಅವರೂ ನಾನೂ ಕತ್ತಲಗೆರೆಗೆ ಹೋದೆವು. "ಬರ್ರಿ ಬೀಗರೇ, ನಾವು ಕಟ್ಟೆ ಮ್ಯಾಲೆ ಕುಂತ್ಕಳಾಣ" ಎಂದು ಅತ್ತೆ ಹುಡುಗಿಯ ತಾಯಿಯನ್ನು ಹೊರಗೆ ಕರೆದುಕೊಂಡು ಹೋದರು. ನಾನು ಹಾಳೆಯ ಮಾತು ಬಿಟ್ಟೆ. "ಎದೆ ಡವಡವ ಅಂತೈತಾ?" ಎಂದು ಕೇಳಿದೆ.

"ದಿನಾ ಅಂತೈತೆ ಅಕ್ಕ" ಎಂದಳು. "ನಾನು ಆಕಡೆ ಈಕಡೆ ನೋಡಿದ್ರೆ ಇದರ ಉಸಿರು ನಿಂತೋಗ್ತೈತೆ ಅನ್ಸುತ್ತೆ. ಬಸುರಿದ್ದಾಗ್ಲೂ ಹಿಂಗೇ ಇತ್ತು. ಯಾರಿಗೆ ಹೇಳಾದು?"

ಅವಳು ಅತ್ತು ಮುಗಿಸುವವರೆಗೆ ಮಗುವನ್ನು ನಾನು ಎತ್ತಿಕೊಂಡಿದ್ದೆ. ಅಂಕ ಬಹಳ ಹೆಚ್ಚು ಬಂತು.

ಚನ್ನಗಿರಿಯಲ್ಲಿ ಡಾಕ್ಟರು ಅವಳೊಂದಿಗೆ ಬಹಳ ಹೊತ್ತು ಮಾತಾಡಿದರು. ಹೊರಗೆ ಬೆಂಚಿನ ಮೇಲೆ ಮಗುವನ್ನು ತಟ್ಟುತ್ತ ಕೂತಿದ್ದ ಅತ್ತೆ ಇದ್ದಕ್ಕಿದ್ದಂತೆ, "ನನ್ನನ್ನೂ ಕೇಳ್ರಿ" ಎಂದರು.

"ನಿಮ್ಮನ್ನಾ?"

"ಈಗಿಂದಲ್ಲ ರೀ. ನನ್ನ ದೊಡ್ಡ ಮಗ ಹುಟ್ಟಿದಾಗಿಂದು. ಗಾಳಿ ಸೋಕೈತೆ, ಹುಚ್ಚು ಹಿಡಿದೈತೆ ಅಂತ ತಾಯಿತ ಕಟ್ಟಿದ್ರು. ಹೆಂಗಿದ್ದೀಯಾ ಅಂತ ಯಾರೂ ಕೇಳಲಿಲ್ಲ."

ಒಂದೊಂದಾಗಿ ಕೇಳಿದೆ. ಅವರು ಯೋಚಿಸಿ ಯೋಚಿಸಿ ಹೇಳಿದರು. "ಅದಕ್ಕೆ ಎರಡು ಹಾಕ್ರಿ. ಅಲ್ಲ, ಮೂರೇ ಹಾಕ್ರಿ." ಕೂಡಿದಾಗ ಸೊಸೆಯ ಅಂಕಕ್ಕಿಂತ ಅವರದೇ ಹೆಚ್ಚಾಗಿತ್ತು. ಹೇಳಿದೆ.

"ಹಂಗಾದ್ರೆ ನನಗೆ ಹುಚ್ಚು ಹಿಡಿದಿರ್ಲಿಲ್ಲ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ಉತ್ತರಗಳನ್ನು ಸೇರಿಸಲು ನನ್ನ ದಾಖಲೆಯಲ್ಲಿ ಜಾಗವಿರಲಿಲ್ಲ. ಆ ಹಾಳೆಯನ್ನು ಮಡಿಸಿ ಅವರಿಗೇ ಕೊಟ್ಟೆ.

ಔಷಧಿ ನಡೆಯಿತು. ವಾರಕ್ಕೊಮ್ಮೆ ಅತ್ತೆ ಬಸ್ಸು ಹತ್ತಿ ಕತ್ತಲಗೆರೆಗೆ ಹೋಗಿ, ಇಡೀ ದಿನ ಮಗುವನ್ನು ತಾವೇ ನೋಡಿಕೊಂಡು ಸೊಸೆಯನ್ನು ಮಲಗಿಸುತ್ತಿದ್ದರು. ಹುಡುಗಿ ನಿಧಾನವಾಗಿ ಚೇತರಿಸಿಕೊಂಡಳು. ಹೆರಿಗೆಯಾದ ಐದನೇ ತಿಂಗಳಲ್ಲಿ ಕೆರೆಬಿಳಚಿಗೆ ವಾಪಸು ಬಂದಳು. ನಾನು ನೋಡಲು ಹೋದಾಗ ಅತ್ತೆ ಮಗುವಿನ ಕೆನ್ನೆಗೆ ಅಗಲವಾದ ದೃಷ್ಟಿಬೊಟ್ಟು ಇಟ್ಟಿದ್ದರು. ಸೊಸೆ ಅದನ್ನು ಅಳಿಸುತ್ತಿದ್ದಳು. "ನೋಡ್ರೀ ಅಕ್ಕ, ಇಷ್ಟಗಲ ಇಟ್ರೆ ಮುಖ ಕಾಣ್ತೈತಾ?" ಎಂದು ಜೋರಾಗಿ ಜಗಳಕ್ಕೆ ನಿಂತಿದ್ದಳು. ಅತ್ತೆ ನಗುತ್ತಲೇ ಕಾಡಿಗೆ ಡಬ್ಬಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.