ಪಿಟ್ಟಿನಲ್ಲಿ ಮಾವನ ಸೈ

ಬೈಕಿನ ಹುಚ್ಚು ನನ್ನದು, ಮಾವನದಲ್ಲ. ಅವರು ಗಂಗೊಳ್ಳಿ ಬಂದರಿನಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುತ್ತಿದ್ದು, ಮಂಡಿನೋವು ಶುರುವಾದ ಮೇಲೆ ಹೆಮ್ಮಾಡಿಯ ಮನೆಯಲ್ಲಿ ಕೂತವರು. ಶಿರೂರಿನ ಹತ್ತಿರ, ಕಟ್ಟಿ ಮುಗಿದರೂ ಉದ್ಘಾಟನೆಯಾಗದ ರಸ್ತೆಯೊಂದರಲ್ಲಿ ಡ್ರ್ಯಾಗ್ ರೇಸ್, ಅಂದರೆ ಬೈಕುಗಳ ನೇರ ಓಟ, ಇಟ್ಟಾಗ ನಾನು ಹೊರಟು ನಿಂತೆ. ಅತ್ತೆ, "ಇವ್ರನ್ನೂ ಕರ್ಕಂಡ್ ಹೋಗ್, ಮನೆಯಂಗ್ ಕೂತ್ ನನ್ ಮಿಕ್ಸಿ ಬಿಚ್ಚುದೇ ಕೆಲ್ಸ" ಎಂದರು.

ಟಿಕೆಟ್ ಇದ್ದವರಿಗೆಲ್ಲ ಪಿಟ್ಟಿಗೂ ಪ್ರವೇಶವಿತ್ತು. ಪಿಟ್ ಎಂದರೆ ತಂಡಗಳು ಬೈಕ್ ಬಿಚ್ಚಿ ಜೋಡಿಸುವ ಶಾಮಿಯಾನಗಳ ಸಾಲು. ಅಲ್ಲಿ ಸವಾರರನ್ನು ಹತ್ತಿರ ಹೋಗಿ ಮಾತಾಡಿಸಬಹುದು. ಮಾವನನ್ನು ಖಾಲಿ ಮೇಜಿನ ಹಿಂದೆ ಒಂದು ಕುರ್ಚಿಯಲ್ಲಿ ಕೂರಿಸಿ, ನಾನು ಮೆಚ್ಚಿದ ಪುಣೆಯ ಸವಾರನನ್ನು ಹುಡುಕುತ್ತ ಹೋದೆ.

ಎಲ್ಲಿ ಸುತ್ತಿದರೂ ಅವನು ಸಿಗಲಿಲ್ಲ. ತಿರುಗಿ ಬಂದರೆ ಮಾವನ ಮೇಜಿನ ಮುಂದೆ ಬೈಕುಗಳ ಸಾಲು. ನನ್ನ ಸವಾರ ಹೆಲ್ಮೆಟ್ ಕಂಕುಳಲ್ಲಿಟ್ಟು ವಿನಯದಿಂದ ಆ ಸಾಲಿನಲ್ಲೇ ನಿಂತಿದ್ದ. ಅದು ಓಟಕ್ಕೆ ಮುಂಚಿನ ಬೈಕ್ ತಪಾಸಣೆಯ ಮೇಜಂತೆ, ತಪಾಸಣೆಯವರು ಊಟಕ್ಕೆ ಹೋಗಿದ್ದರಂತೆ. ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು ಇದ್ದ ಮಾವನನ್ನು ಯಾರೂ ಸಂಶಯಿಸಿರಲಿಲ್ಲ. ಸಾಲಿನ ಕೊನೆಯಲ್ಲಿ, ಇವರು ಹಳೆಯ ಕಾಲದ ಚಾಂಪಿಯನ್ ಎಂದು ನಂಬಿದ ಕೆಲವು ಅಭಿಮಾನಿಗಳೂ ಸೈಗಾಗಿ ಟೋಪಿ ಹಿಡಿದಿದ್ದರು. ಮಾವ ಒಂದೊಂದು ಇಂಜಿನ್ನನ್ನೂ ಚಾಲೂ ಮಾಡಿಸಿ, ಕಣ್ಣು ಮುಚ್ಚಿ ಕೇಳಿ, ಸೈ ಹಾಕುತ್ತಿದ್ದರು.

ಇದೆಲ್ಲ ಯಾಕೆ ಎಂದು ಕಿವಿಯಲ್ಲಿ ಕೇಳಿದೆ.

"ಅವ್ರ್ ಕಾಗ್ದ ಕೊಟ್ರ್, ನಾ ಸೈ ಹಾಕ್ದೆ. ಬ್ಯಾಡ ಅಂದ್ರೆ ಬೇಜಾರ್ ಆತಿತ್ತ್" ಎಂದರು.

ನನ್ನ ಸವಾರನಿಗೆ ಮಾತ್ರ ಅವರು ಸೈ ಕೊಡಲಿಲ್ಲ. ಚೈನಿನ ಸದ್ದು ಸರಿಯಿಲ್ಲ ಎಂದು ಬಂದರಿನಲ್ಲಿ ಕಲಿತ ಮುಂಬಯಿ ಹಿಂದಿಯಲ್ಲಿ ಹೇಳಿ ಕಾಗದ ವಾಪಸು ತಳ್ಳಿದರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅಷ್ಟರಲ್ಲಿ ನಿಜವಾದ ತಪಾಸಣೆಯವರು ಕೈ ಒರೆಸಿಕೊಳ್ಳುತ್ತ ಬಂದರು. ಸ್ವಲ್ಪ ಕೂಗಾಟವಾಯಿತು. ಎಲ್ಲ ಬೈಕುಗಳನ್ನೂ ಮತ್ತೆ ನೋಡಿದರು. ಮಾವ ಸೈ ಹಾಕಿದವೆಲ್ಲ ಸರಿಯಾಗಿದ್ದವು. ಪುಣೆಯ ಬೈಕಿನ ಚೈನಿನಲ್ಲಿ ಒಂದು ಕೊಂಡಿ ಬಿರುಕು ಬಿಟ್ಟಿತ್ತು.

ತಪಾಸಣೆಯ ಮುಖ್ಯಸ್ಥರು ತಪಾಸಣೆಯವರ ಗುರುತಿನ ಕಾರ್ಡೊಂದನ್ನು ತಂದು ಮಾವನ ಕೊರಳಿಗೆ ಹಾಕಿ, ಸಂಜೆಯವರೆಗೆ ಕೂತಿರಿ ಎಂದು ಕೇಳಿಕೊಂಡರು. ಸವಾರ ಓಡಿ ಬಂದು ಮಾವನ ಕೈ ಹಿಡಿದುಕೊಂಡ. ಆಮೇಲೆ ತನ್ನ ಮೊಬೈಲನ್ನು ನನಗೆ ಕೊಟ್ಟು, ಇವರ ಜೊತೆ ನನ್ನದೊಂದು ಫೋಟೊ ತೆಗೆಯಿರಿ ಎಂದ. ತೆಗೆದುಕೊಟ್ಟೆ.

ಸಂಜೆ ಬಸ್ಸಿನಲ್ಲಿ, ಯಾವ ಓಟ ಇಷ್ಟವಾಯಿತೆಂದು ಮಾವನನ್ನು ಕೇಳಿದೆ. ಅವರು ಒಂದನ್ನೂ ನೋಡಿರಲಿಲ್ಲ. ಅವರ ಕುರ್ಚಿಯ ಬೆನ್ನು ರಸ್ತೆಯ ಕಡೆಗಿತ್ತು.