ಅತ್ತೆ ಕೊಟ್ಟ ಸಾಕ್ಷಿ

ಕೋರ್ಟಿಗೆ ಹೋದರೆ ಗೆದ್ದವನು ಸೋತ, ಸೋತವನು ಸತ್ತ ಅನ್ನುತ್ತಾರೆ. ಟೈಲರಮ್ಮನ ವಿಷಯಕ್ಕೆ ಆ ಗಾದೆಯೂ ಸಾಲದು. ಅವಳು ಒಮ್ಮೆ ಸೋತಳು, ಮತ್ತೊಮ್ಮೆ ಸೋತಳು, ಮೂರನೆಯ ಸಲ ಗೆದ್ದಳು. ಅವಳನ್ನು ಮುಳುಗಿಸಿದ್ದು ಆ ಗೆಲುವು.

ಜಗಳ ಒಂದು ಕೋಣೆಯದು. ಬೀದಿಗೆ ಬಾಗಿಲಿದ್ದ ಮುಂದಿನ ಕೋಣೆ. ಇದ್ದದ್ದು ಒಂದೇ ಕಿಟಕಿ, ಅದರ ಕೆಳಗೆ ಹೊಲಿಗೆ ಮೆಷಿನ್ನು. ಬೆಳಕು ಸೂಜಿಯ ಮೇಲೇ ಬೀಳುತ್ತಿತ್ತು. ಮನೆಯ ಹಿಂಭಾಗದಲ್ಲಿ ಹಗಲಲ್ಲೂ ದೀಪ ಹಾಕಬೇಕು, ಅಲ್ಲಿಗೆ ಬರುವವರು ಚರಂಡಿ ದಾಟಿ ಬರಬೇಕು. ಒಂದು ಕಾಜಾ ಹಾಕಿಸಲು, ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಯಾವ ಪುಣ್ಯಾತ್ಮ ಚರಂಡಿ ದಾಟುತ್ತಾನೆ? ಮುಂದಿನ ಕೋಣೆ ಹೋದರೆ ಅವಳ ಕಸುಬೇ ಹೋದಂತೆ.

ಮನೆ ಕೊಳ್ಳುವಾಗ ಮಾವ ಪತ್ರ ಮಾಡಿಸಿದ್ದು ಓದುಬರಹ ಬಲ್ಲ ಚಿಕ್ಕ ಮಗನ ಹೆಸರಿನಲ್ಲಿ. ಆಮೇಲೆ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು, ಮುಂದಿನ ಕೋಣೆ ಮತ್ತು ಹಿಂಭಾಗ ದೊಡ್ಡವನಿಗೆ, ಮಹಡಿ ಚಿಕ್ಕವನಿಗೆ ಎಂದು ಬಾಯಲ್ಲೇ ಹಂಚಿದ್ದರು. ಅದಕ್ಕೆ ಕಾಗದವಿಲ್ಲ. ಮಾವ ಹೋದರು, ಟೈಲರಮ್ಮನ ಗಂಡನೂ ಹೋದ. ಆ ಮಾತು ಕೇಳಿದವರಲ್ಲಿ ಉಳಿದವರು ಅತ್ತೆ ಮತ್ತು ಮೈದುನ. ಮೈದುನನಿಗೆ ಇದ್ದಕ್ಕಿದ್ದಂತೆ ಮರೆವು ಬಂತು. ಮುಂದಿನ ಕೋಣೆ ತನ್ನದು, ಅತ್ತಿಗೆ ಬಿಡಬೇಕು ಎಂದು ದಾವೆ ಹಾಕಿದ.

ಇಲ್ಲಿ ಅತ್ತೆಯ ಬಾಯಿಯ ವಿಷಯ ಹೇಳಲೇಬೇಕು. ನೆಟ್ಟಗೆ ಮಾತಾಡುವುದು ಆಕೆಯ ಜಾಯಮಾನವೇ ಅಲ್ಲ. ಅಕ್ಕರೆ ಬಂದರೂ ಕೊಂಕಾಗಿಯೇ ಬರಬೇಕು. ಮೈದುನ ಚಿಕ್ಕವನಿದ್ದಾಗ ಮಂಡಿ ಒಡೆದುಕೊಂಡು ಬಂದರೆ, ಇನ್ನೊಂದು ಮಂಡಿನೂ ಒಡ್ಕೊಂಡು ಬಾ, ಜೋಡಿ ಆಗ್ಲಿ ಅನ್ನುತ್ತಲೇ ಗಾಯ ತೊಳೆಯುತ್ತಿದ್ದಳಂತೆ. ಸೊಸೆ ಗಂಜಿ ತಂದರೆ, ವಿಷ ಹಾಕಿದೀಯಾ, ಹಾಕಿದ್ರೆ ಒಂಚೂರು ಉಪ್ಪೂ ಹಾಕು ಅನ್ನುತ್ತಿದ್ದಳು. ಹೊಸದಾಗಿ ಬಂದಾಗ ಸೊಸೆ ಅತ್ತಿದ್ದಳು. ಆಮೇಲೆ ಕಲಿತಳು. ಅತ್ತೆ ಬಯ್ಯದ ದಿನ ಅವಳಿಗೇ ಗಾಬರಿಯಾಗುತ್ತಿತ್ತು, ಮೈ ಹುಷಾರಿಲ್ಲವೇನೋ ಎಂದು ಹಣೆ ಮುಟ್ಟಿ ನೋಡುತ್ತಿದ್ದಳು.

ದಾವೆ ನಡೆಯುವಾಗ ಅತ್ತೆ ಹಾಸಿಗೆ ಹಿಡಿದಿದ್ದಳು. ಹಾಗಾಗಿ ಕೋರ್ಟೇ ಒಬ್ಬ ವಕೀಲನನ್ನು ಕಮಿಷನರ್ ಅಂತ ನೇಮಿಸಿ, ಸಾಕ್ಷಿ ಬರೆದುಕೊಳ್ಳಲು ಮನೆಗೇ ಕಳಿಸಿತು. ಅವನು ಟೈಪಿಸ್ಟನನ್ನು ಕರೆದುಕೊಂಡು ಬಂದ. ಎರಡೂ ಕಡೆಯ ವಕೀಲರು ಬಂದರು. ಮೈದುನ ಹೊಸ್ತಿಲ ಮೇಲೆ ಕೈಕಟ್ಟಿ ನಿಂತ. ಅತ್ತೆ ಸೊಸೆಯನ್ನು ಮಾತ್ರ ಹೊರಗೆ ಕಳಿಸಿದಳು.

"ನೀನು ಎದುರಿಗಿದ್ರೆ ಇವರೆಲ್ಲ ನಿನ್ನ ಮುಖ ನೋಡ್ತಾರೆ. ಹೋಗು, ನಿನ್ನ ಮೆಷಿನ್ ತುಳಿ."

ಅವಳು ಹೋಗಿ ಮೆಷಿನ್ ತುಳಿದಳು. ಆ ಸದ್ದಿನಲ್ಲಿ ಒಳಗಿನ ಮಾತು ಒಂದೂ ಕೇಳಲಿಲ್ಲ. ನಡುವೆ ಅವಳ ವಕೀಲರು ಫೋನ್ ಬಂತೆಂದು ಹೊರಗೆ ಬಂದು, ಬೀದಿಯಲ್ಲಿ ಅತ್ತಿಂದಿತ್ತ ಓಡಾಡುತ್ತ ಮಾತಾಡಿ ಒಳಗೆ ಹೋದರು. ಮುಗಿದ ಮೇಲೆ, ಅಮ್ಮ ಚೆನ್ನಾಗೇ ಹೇಳಿದ್ರು ಅಂದರು. ಅವಳಿಗೆ ಅಷ್ಟು ಸಾಕಾಯಿತು. ಹೆತ್ತ ಮಗನ ವಿರುದ್ಧ ತಾಯಿ ಬಾಯಿ ಬಿಡುವುದೆಂದರೆ ಸಾಮಾನ್ಯವೇ? ಅಂದಿನಿಂದ ಅತ್ತೆ ಸಾಯುವ ತನಕ ಮಗ ಮಹಡಿಯಿಂದ ಇಳಿದು ಬಂದು ತಾಯಿಯ ಮುಖ ನೋಡಲಿಲ್ಲ. ಅತ್ತೆ ಆ ಸಂಕಟದಲ್ಲೇ ಹೋದಳು.

ಮೊದಲ ಕೋರ್ಟು, ಕಾಗದವಿಲ್ಲದ ಹಂಚಿಕೆ ನಂಬಲಾಗದು ಎಂದು ಮೈದುನನ ಪರ ತೀರ್ಪು ಕೊಟ್ಟಿತು. ಟೈಲರಮ್ಮ ಮೇಲ್ಮನವಿ ಹಾಕಿದಳು. ಅಲ್ಲಿನ ಜಡ್ಜು ಕೆಳಗಿನ ತೀರ್ಪನ್ನೇ ಮಕ್ಕಿಕಾಮಕ್ಕಿ ಇಳಿಸಿ, ಇದರಲ್ಲಿ ತಪ್ಪೇನೂ ಕಾಣದು ಎಂದು ಕೊನೆಗೊಂದು ಸಾಲು ಸೇರಿಸಿದ್ದರು.

"ಅತ್ತೆ ಹೇಳಿದ್ದಕ್ಕೆ ಏನಂತ ಬರ್ದಿದಾರೆ ಸಾರ್?" ಅಂತ ಅವಳು ಕೇಳಿದಳು.

ವಕೀಲರು ಹಾಳೆ ತಿರುವಿದರು. ಅತ್ತೆಯ ಸುದ್ದಿಯೇ ಇರಲಿಲ್ಲ. ಟೈಲರಮ್ಮನಿಗೆ ಸೋತಿದ್ದು ಒಂದು ಸಂಕಟ, ಆ ಮುದುಕಿ ಮಗನನ್ನು ಕಳೆದುಕೊಂಡು ಹೇಳಿದ ಮಾತನ್ನು ಓದುವ ಸೌಜನ್ಯವೂ ಇಲ್ಲವಲ್ಲ ಎಂಬುದು ಅದಕ್ಕಿಂತ ದೊಡ್ಡ ಸಂಕಟ. ವಕೀಲರು ಬಿಡಿಸಿ ಹೇಳಿದರು. ಮೊದಲ ಮೇಲ್ಮನವಿ ಕೇಳುವ ಕೋರ್ಟು ಸಾಕ್ಷಿ, ಕಾಗದ ಎಲ್ಲವನ್ನೂ ಹೊಸದಾಗಿ ತನ್ನ ಕಣ್ಣಿನಿಂದಲೇ ನೋಡಬೇಕು, ಯಾವುದನ್ನು ಏಕೆ ನಂಬಿದೆ, ಏಕೆ ನಂಬಲಿಲ್ಲ ಎಂದು ಕಾರಣ ಕೊಡಬೇಕು. ಅದು ಅದರ ಕರ್ತವ್ಯ. ಅದರ ಮೇಲಿನ ಕೋರ್ಟು ಸಂಗತಿಗೆ ಕೈಹಾಕುವುದಿಲ್ಲ, ಕಾನೂನು ಮಾತ್ರ ನೋಡುತ್ತದೆ. ಇವರು ಓದದೇ ಬರೆದಿದ್ದಾರೆ ಎಂಬುದೊಂದೇ ನಮಗೆ ಉಳಿದ ಕಾನೂನಿನ ಪಾಯಿಂಟು ಅಂದರು. ಇಷ್ಟನ್ನೂ ಅವರು ಅವಳ ಮುಖ ನೋಡದೆ ಹೇಳಿದರು. ಪಾಪ, ದಣಿದಿದ್ದಾರೆ ಅಂದುಕೊಂಡಳು.

ದೊಡ್ಡ ಕೋರ್ಟು ಒಪ್ಪಿತು. ಕೆಳಗಿನ ಮೇಲ್ಮನವಿ ಕೋರ್ಟು ತನ್ನ ಕರ್ತವ್ಯ ಮಾಡಿಲ್ಲ, ತಾಯಿಯ ಸಾಕ್ಷಿಯನ್ನು ಮುಟ್ಟಿಯೂ ನೋಡಿಲ್ಲ, ಮೊದಲಿನಿಂದ ಕೇಳಿ ತೀರ್ಮಾನಿಸಲಿ ಎಂದು ವಾಪಸು ಕಳಿಸಿತು. ಟೈಲರಮ್ಮ ಅಂದು ಅತ್ತೆಯ ಫೋಟೋದ ಧೂಳು ಒರೆಸಿ, "ನಿನ್ನ ಮಾತು ಓದಿಸ್ತೀನಿ ನೋಡು" ಅಂದಳು.

ಈ ಸಲದ ಜಡ್ಜು ಹೊಸಬರು. ಕಡತದ ತುಂಬ ಗುರುತಿಗೆಂದು ಚೀಟಿ ಸಿಕ್ಕಿಸಿಕೊಂಡು ಬಂದಿದ್ದರು. ಒಂದಕ್ಷರ ಬಿಡದೆ ಓದಿದ್ದಾರೆ ಎಂಬುದು ಅವರ ಪ್ರಶ್ನೆಗಳಲ್ಲೇ ಗೊತ್ತಾಗುತ್ತಿತ್ತು. ಬೆಂಚಿನ ಮೇಲಿದ್ದ ಟೈಲರಮ್ಮನಿಗೆ ಎದೆ ತುಂಬಿ ಬಂತು. ಅವರು ಅತ್ತೆಯ ಹೇಳಿಕೆ ತೆರೆದರು. ಹಿರಿಯ ಮಗನಿಗೆ ಮುಂದಿನ ಕೋಣೆ ಕೊಟ್ಟಿದ್ದು ನಿಜ ಎಂಬ ಭಾಗ ಓದಿದರು. ಆಮೇಲೆ ಹಾಳೆ ಮಗುಚಿ, ಮೈದುನನ ವಕೀಲರು ಕೇಳಿದ ಪಾಟೀಸವಾಲಿಗೆ ಬಂದರು.

"'ಸೊಸೆ ಹಾಕುವ ಅನ್ನಕ್ಕಾಗಿ ನಾನು ಸುಳ್ಳು ಸಾಕ್ಷಿ ಹೇಳುತ್ತಿದ್ದೇನೆ ಎಂದರೆ ನಿಜ.' ಇದಕ್ಕೇನು ಹೇಳ್ತೀರಿ ವಕೀಲರೇ?"

ಪಾಟೀಸವಾಲು ಬರೆದುಕೊಳ್ಳುವ ಕ್ರಮವೇ ಹಾಗೆ. ಪ್ರಶ್ನೆ ಬೇರೆ, ಉತ್ತರ ಬೇರೆ ಅಂತ ಇರುವುದಿಲ್ಲ. ವಕೀಲ ಕೇಳಿದ್ದನ್ನೇ ಸಾಕ್ಷಿಯ ಬಾಯಿಗೆ ಹಾಕಿ, ಹೌದು ಅಂದರೆ 'ಎಂದರೆ ನಿಜ', ಅಲ್ಲ ಅಂದರೆ 'ಎಂದರೆ ಸುಳ್ಳು'. ಟೈಲರಮ್ಮನಿಗೆ ಆ ಕ್ಷಣದಲ್ಲೇ ಅತ್ತೆಯ ದನಿ ಕಿವಿಯಲ್ಲಿ ಕೇಳಿತು. ಹೌದಪ್ಪಾ ಹೌದು, ಅವಳ ಗಂಜಿ ಆಸೆಗೇ ಸುಳ್ಳು ಹೇಳ್ತಿದೀನಿ, ಬರ್ಕೋ! ಕಮಿಷನರ್ ಬರೆಸಿದ, ಟೈಪಿಸ್ಟ್ ಕುಟ್ಟಿದ, ಸುಸ್ತಾಗಿದ್ದ ಮುದುಕಿ ಹೆಬ್ಬೆಟ್ಟು ಒತ್ತಿದಳು. ತಿದ್ದಿಸಬೇಕಾದ ವಕೀಲರು ಬೀದಿಯಲ್ಲಿ ಫೋನಿನಲ್ಲಿದ್ದರು. ಈಗಲೂ ಅವರು ತಲೆ ತಗ್ಗಿಸಿಯೇ ನಿಂತಿದ್ದರು. ಇಷ್ಟು ವರ್ಷ ಮುಖ ನೋಡದೇ ಮಾತಾಡಿದ್ದು ಏಕೆಂದು ಅವಳಿಗೆ ಈಗ ತಿಳಿಯಿತು.

ಅವಳು ಎದ್ದುಬಿಟ್ಟಳು. "ಸ್ವಾಮಿ, ನಮ್ಮತ್ತೆ ಮಾತೇ ಹಂಗೆ. ಅದು ಕೊಂಕು. ಕೇಳಿ ಬೇಕಾದ್ರೆ, ಮಗ ಇಲ್ಲೇ ಇದಾನೆ, ಅವತ್ತು ಅಲ್ಲೇ ನಿಂತಿದ್ದ." ಮೈದುನನ ಕಡೆ ತಿರುಗಿದಳು. "ನೀನೇ ಹೇಳಪ್ಪಾ, ಅಮ್ಮ ಹೆಂಗಂದ್ರು?"

ಮೈದುನ ತನ್ನ ಚಪ್ಪಲಿ ನೋಡುತ್ತ ಕೂತಿದ್ದ. ತಲೆ ಎತ್ತದೆ, "ಬರ್ದಿರೋದೇ ಸರಿ ಅತ್ತಿಗೆ" ಅಂದ.

ಜಡ್ಜು ಗದರಲಿಲ್ಲ. "ಕೂತ್ಕೊಳ್ಳಿ ತಾಯಿ" ಅಂದರು. "ನಾನು ಕಡತದಲ್ಲಿರೋದನ್ನೇ ನೋಡಬೇಕು. ದನಿ ಕಡತಕ್ಕೆ ಬರಲ್ಲ."

ತೀರ್ಪು ಉದ್ದವಾಗಿ ಬಂತು. ಒಂದೊಂದು ಪ್ರಶ್ನೆಯನ್ನೂ ಬೇರೆಬೇರೆ ಎತ್ತಿಕೊಂಡು, ಪ್ರತಿಯೊಂದಕ್ಕೂ ಕಾರಣ ಕೊಟ್ಟಿದ್ದರು. ತಾಯಿಯ ಸಾಕ್ಷಿಗೆಂದೇ ಎರಡು ಹಾಳೆ ಇತ್ತು. ಎಷ್ಟೋ ವರ್ಷದಿಂದ ಅವಳು ಬೇಡಿದ್ದು ಅದನ್ನೇ. ಮೈದುನ ಗೆದ್ದ. ಇನ್ನು ಮೇಲಿನ ಕೋರ್ಟಿಗೆ ಹೋಗಿ ಪ್ರಯೋಜನವಿಲ್ಲ ಅಂದರು ವಕೀಲರು.

"ಈ ಸಲ ಎಲ್ಲಾ ಓದಿದಾರಮ್ಮ."

ಕೋಣೆ ಬಿಡುವ ದಿನ ಮೈದುನ ಮಹಡಿಯಿಂದ ಇಳಿದು ಬಂದ. ಅವಳು ದಾರದ ಉಂಡೆ, ಕತ್ತರಿ, ಟೇಪು ಎಲ್ಲವನ್ನೂ ಒಂದು ಹಳೆ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿದ್ದಳು. ಮೆಷಿನ್ನನ್ನು ಹಿಂಭಾಗಕ್ಕೆ ಎಳೆದ ಗುರುತು ನೆಲದ ಮೇಲೆ ಉದ್ದಕ್ಕೆ ಬಿದ್ದಿತ್ತು. ಅವನು ಖಾಲಿ ಕಿಟಕಿಯನ್ನು ನೋಡಿ, "ಬೇಜಾರಾಯ್ತಾ ಅತ್ತಿಗೆ?" ಅಂತ ಕೇಳಿದ.

"ಇಲ್ಲಪ್ಪಾ, ತುಂಬಾ ಖುಷಿಯಾಯ್ತು" ಅಂದಳು ಅವಳು. "ಇದನ್ನೂ ನಿಜ ಅಂತ ಬರ್ಕೋ."

ದನಿ ಅತ್ತೆಯದೇ. ಅವನು ಬೆಚ್ಚಿ ಅವಳ ಮುಖ ನೋಡಿದ. ಅವಳು ಬೀಗದಕೈಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಗಂಟು ಎತ್ತಿಕೊಂಡು, ಚರಂಡಿ ದಾಟಿ ಹಿಂದಕ್ಕೆ ಹೋದಳು.