ಹದಿನೇಳು ಕೇಜಿ ಮಗನ ಸೀಟು

ಬೈರಕೂರಿನ ನರ್ಸಮ್ಮ ಭಾರತಮ್ಮ ಸುತ್ತಲ ಹಳ್ಳಿಗಳಲ್ಲಿ ನೂರಾರು ಹೆರಿಗೆ ಮಾಡಿಸಿದ್ದಳು. ತನ್ನ ಮಡಿಲಿಗೆ ಒಂದು ಮಗು ಬರಬೇಕಾದರೆ ಮಾತ್ರ ಮದುವೆಯಾಗಿ ಒಂಬತ್ತು ವರ್ಷ ಕಾಯಬೇಕಾಯಿತು. ಎಂಬತ್ತೊಂದನೇ ಇಸವಿಯಲ್ಲಿ, ಯುಗಾದಿ ಕಳೆದ ವಾರ ಹುಟ್ಟಿದ ಗಂಡುಮಗು ನಾಲ್ಕೂಕಾಲು ಕೇಜಿ ತೂಗಿತು. ತಾತನ ಹೆಸರನ್ನೇ ಇಟ್ಟು ದೊಡ್ಡಮುನಿಯಪ್ಪ ಅಂತ ಕರೆದರು. ಅಷ್ಟುದ್ದದ ಹೆಸರು ಕೂಗಲಾರದೆ ಎಲ್ಲರೂ ದೊಡ್ಡು ಅಂದರು. ಹೆಸರಿಗೆ ತಕ್ಕ ಹಾಗೆಯೇ ಬೆಳೆದ. ಎರಡು ವರ್ಷ ದಾಟುವಷ್ಟರಲ್ಲಿ ಅವಳ ಆರೋಗ್ಯ ಉಪಕೇಂದ್ರದ ಕೂಸಿನ ತಕ್ಕಡಿ ಅವನನ್ನು ತಡೆಯದಾಯಿತು. ಹುಣಿಸೇಹಣ್ಣಿನ ಮಂಡಿಗೆ ಕರೆದುಕೊಂಡು ಹೋಗಿ ತೂಗಿಸಿದರೆ ಹದಿನೇಳು ಕೇಜಿ. ಮೂಟೆ ಹೊರುವ ಹಮಾಲರು ಅವನ ತೊಡೆ ಹಿಂಡಿ ನಕ್ಕರು. ಕಣ್ಣು ಬೀಳುತ್ತೆ ಅಂತ ಭಾರತಮ್ಮ ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು. ಮುಚ್ಚಲು ಸೆರಗು ಸಾಲಲಿಲ್ಲ ಅನ್ನುವುದು ಬೇರೆ ಮಾತು.

ಅವಳು ಮಾಲೂರಿನವಳು. ತಂದೆ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯುತ್ತಿದ್ದ. ಎಸ್ಸೆಸ್ಸೆಲ್ಸಿ ಮುಗಿಸಿದ ಮಗಳನ್ನು ಊರವರ ಮಾತು ಲೆಕ್ಕಿಸದೆ ಕೋಲಾರಕ್ಕೆ ನರ್ಸ್ ಟ್ರೈನಿಂಗಿಗೆ ಕಳಿಸಿದ. ಕೆಲಸ ಸಿಕ್ಕಿದ ವರ್ಷವೇ ಮುಳಬಾಗಿಲಿನ ಟ್ಯಾಕ್ಸಿ ಡ್ರೈವರ್ ಗಂಗುಲಪ್ಪನ ಜೊತೆ ಮದುವೆಯಾಯಿತು. ಗಂಗುಲಪ್ಪ ಒಳ್ಳೆಯವನೇ. ಕುಡಿತವಿಲ್ಲ, ಬೀಡಿ ಕೂಡ ಇಲ್ಲ. ಇದ್ದ ಒಂದೇ ಹುಚ್ಚು ಅವನ ಕಪ್ಪು ಅಂಬಾಸಿಡರ್. ಬೆಳಗ್ಗೆ ಮುಖ ತೊಳೆಯುವ ಮೊದಲು ಕಾರಿನ ಮುಖ ತೊಳೆಯುತ್ತಿದ್ದ.

ದಿನಾ ಬೆಳಗ್ಗೆ ಹೆಂಡತಿಯನ್ನು ಮುಳಬಾಗಿಲಿನಿಂದ ಬೈರಕೂರಿಗೆ ಬಿಟ್ಟು, ದಾರಿಯಲ್ಲಿ ಸಿಕ್ಕವರನ್ನು ಹತ್ತಿಸಿಕೊಂಡು ಬಾಡಿಗೆಗೆ ಹೊರಡುವುದು ಅವನ ರೂಢಿ. ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಅತ್ತೆ ಮುನಿಯಲ್ಲಮ್ಮ ರಾಯಲ್ಪಾಡಿನ ತನ್ನ ಟೊಮೇಟೊ ತೋಟ ಬಿಟ್ಟು ಬರಲು ಸುತರಾಂ ಒಪ್ಪಲಿಲ್ಲ. ಹೀಗಾಗಿ ದೊಡ್ಡು ಅಮ್ಮನ ಜೊತೆ ಮುಂದಿನ ಸೀಟಿನಲ್ಲಿ, ಅವಳ ತೊಡೆಯ ಮೇಲೆ ಕೂತು ಬೈರಕೂರಿಗೆ ಹೋಗಿಬರುತ್ತಿದ್ದ.

ಎಂಬತ್ತಮೂರರ ಮಾವಿನ ಕಾಲ. ಒಂದು ಬೆಳಗ್ಗೆ ಬೈರಕೂರು ಇನ್ನೇನು ಒಂದು ಮೈಲಿ ಇದೆ ಅನ್ನುವಾಗ ಬೇಲಿ ಸಂದಿಯಿಂದ ಎಮ್ಮೆಯೊಂದು ರಸ್ತೆಗೆ ನುಗ್ಗಿತು. ಗಂಗುಲಪ್ಪ ಬ್ರೇಕ್ ಒತ್ತಿದ. ಕಾರು ನಿಂತಿತು, ದೊಡ್ಡು ನಿಲ್ಲಲಿಲ್ಲ. ಭಾರತಮ್ಮ ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದಿದ್ದಳು. ಹಿಡಿದ ಕೈಗಳು ಹಿಡಿದ ಹಾಗೇ ಇದ್ದವು, ಮಗು ಮಾತ್ರ ಅವುಗಳೊಳಗಿಂದ ಜಾರಿ ಹೋಗಿ ಡ್ಯಾಶ್‌ಬೋರ್ಡಿಗೆ ಬಡಿಯಿತು. ಕೆಳತುಟಿ ಸೀಳಿತು, ಮುಂದಿನ ಹಲ್ಲೊಂದು ಮುರಿಯಿತು. ಉಪಕೇಂದ್ರದಲ್ಲಿ ಅವಳೇ ಗಾಯ ತೊಳೆದು ಹತ್ತಿ ಒತ್ತಿ ಹಿಡಿದಳು. ಹೊಲಿಗೆ ಹಾಕಿಸಲು ಕೋಲಾರಕ್ಕೇ ಓಡಬೇಕಾಯಿತು.

"ಗಟ್ಟಿಯಾಗಿ ಹಿಡ್ಕೊಬೇಕಿತ್ತು ಕಣೇ," ಅಂದ ಗಂಗುಲಪ್ಪ, ವಾಪಸ್ ಬರುವಾಗ.

ಭಾರತಮ್ಮನಿಗೆ ಮೊಣಕೈಯಿಂದ ಕೆಳಗೆ ಎರಡು ಕೈಯೂ ನೋಯುತ್ತಿದ್ದವು. ಅವಳಿಗಿಂತ ಗಟ್ಟಿಯಾಗಿ ಯಾರು ಹಿಡಿಯುತ್ತಾರೆ? ತೊಡೆಯ ಮೇಲೆ ಇಟ್ಟುಕೊಳ್ಳುವುದೇ ತಪ್ಪು ಅಂತ ಆ ದಿನ ಅವಳಿಗೆ ಖಚಿತವಾಯಿತು. ಹಾಗಾದರೆ ಎಲ್ಲಿ ಕೂರಿಸಬೇಕು?

ಮೊದಲು ಕೋಲಾರದ ಸೈಕಲ್ ಅಂಗಡಿಗೆ ಹೋದಳು. ಸೈಕಲ್ಲಿನ ಮುಂದೆ ಸಿಕ್ಕಿಸುವ ಬೆತ್ತದ ಕೂಸಿನ ಸೀಟುಗಳು ಅಲ್ಲಿ ನೇತಾಡುತ್ತಿದ್ದವು. ಅಂಗಡಿಯವನು ಒಂದನ್ನು ಇಳಿಸಿ, "ಎರಡು ವರ್ಷದ ಮಗೂಗೆ ಇದು ಸರಿಯಾಗಿ ಹೊಂದುತ್ತೆ ನೋಡಮ್ಮ," ಅಂದ. ದೊಡ್ಡುವನ್ನು ಕೂರಿಸಿದರು. ಕಾಲು ತೂರಿಸುವ ತೂತಿನಲ್ಲಿ ಅವನ ತೊಡೆ ಸಿಕ್ಕಿಕೊಂಡಿತು. ಎತ್ತಿದರೆ ಮಗುವಿನ ಜೊತೆ ಸೀಟೂ ಮೇಲೆ ಬಂತು. ಅಂಗಡಿಯವನು ಬೆತ್ತ ಕತ್ತರಿಸಬೇಕಾಯಿತು. "ಎರಡು ವರ್ಷ ಅಂತ ಸುಳ್ಳು ಹೇಳ್ತೀರಲ್ರೀ," ಅಂತ ಅವನು ಅವಳ ಮೇಲೇ ರೇಗಿದ.

ಆಮೇಲೆ ಮನೆಯ ಪುಟ್ಟ ಮರದ ಕುರ್ಚಿ. ಕಾರಿನ ಸೀಟಿನ ಮೇಲಿಟ್ಟು ಸೆಣಬಿನ ಹಗ್ಗದಲ್ಲಿ ಬಿಗಿದಳು. ಮೊದಲ ತಿರುವಿನಲ್ಲೇ ಕುರ್ಚಿ ಓಲಿ ಗಂಗುಲಪ್ಪನ ಗೇರು ಹಾಕುವ ಕೈಗೆ ತಗುಲಿತು. "ನಮ್ಮನ್ನೆಲ್ಲ ಸಾಯಿಸ್ಬೇಕು ಅಂತ ಇದೀಯೇನೇ?" ಅಂತ ಅವನು ಕುರ್ಚಿಯನ್ನು ರಸ್ತೆ ಬದಿಗೆ ಇಳಿಸಿಬಿಟ್ಟ. ಟ್ಯಾಕ್ಸಿ ಸ್ಟ್ಯಾಂಡಿನ ಇತರ ಡ್ರೈವರುಗಳಿಗೆ ಒಂದು ವಾರ ನಗಲು ಇದೇ ಸಾಕಾಯಿತು. ಅವರಲ್ಲಿ ಹಿರಿಯ ಚನ್ನರಾಯಪ್ಪ, "ನಾವು ಮಕ್ಕಳನ್ನ ಲಾರಿ ಮೇಲೆ ಹುಲ್ಲಿನ ಹೊರೆ ಜೊತೆ ಕಳಿಸಿ ಬೆಳೆಸಿದ್ವಿ. ಈಯಮ್ಮನ ಮಗ ಮೈಸೂರು ಮಹಾರಾಜ, ಸಿಂಹಾಸನ ಬೇಕು!" ಅಂದ. ಗಂಗುಲಪ್ಪ ಆ ಮಾತನ್ನು ಮನೆಗೆ ತಂದು ಹೇಳಿದ. ಹೇಳದೆ ಇರಬಹುದಿತ್ತು.

ಗಾಯ ತೋರಿಸಲು ಮತ್ತೆ ಕೋಲಾರಕ್ಕೆ ಹೋದಾಗ ಹೊಲಿಗೆ ಹಾಕಿದ್ದ ಡಾಕ್ಟರಮ್ಮನ ಹತ್ತಿರ ಭಾರತಮ್ಮ ಎಲ್ಲ ತೋಡಿಕೊಂಡಳು. ನಗದೆ ಕೇಳಿದವಳು ಆಕೆಯೊಬ್ಬಳೇ. ಲಂಡನ್ನಿನಲ್ಲಿರುವ ತನ್ನ ತಂಗಿ ಕಾರಿನಲ್ಲಿ ಮಗುವಿಗೆಂದೇ ಬೇರೆ ಸೀಟು ಇಟ್ಟಿದ್ದಾಳೆ ಅಂತ ಹೇಳಿ ಒಂದು ಫೋಟೋ ತೋರಿಸಿದಳು. ಹಿಂದಿನ ಸೀಟಿನಲ್ಲಿ ಪುಟ್ಟ ಆಸನ, ಅದರಲ್ಲಿ ಹೆಗಲ ಮೇಲಿಂದ ಎರಡು ಪಟ್ಟಿ ಬಿಗಿಸಿಕೊಂಡ ಮಗು. ಭಾರತಮ್ಮ ಆ ಫೋಟೋವನ್ನು ಎಷ್ಟು ಹೊತ್ತು ನೋಡಿದಳೆಂದರೆ ಡಾಕ್ಟರಮ್ಮ, "ಅವಳ ಮಗೂಗೆ ಈಗ ಅದು ಬೇಡ. ಬರೋರ ಕೈಲಿ ಕಳಿಸು ಅಂತ ಬರೀತೀನಿ," ಅಂದಳು.

ಸೀಟು ಬಂದದ್ದು ದಸರಾ ಕಳೆದ ಮೇಲೆ. ಅಷ್ಟು ತಿಂಗಳೂ ಭಾರತಮ್ಮ ಮಗನನ್ನು ಹಿಂದಿನ ಸೀಟಿನ ಕೆಳಗೆ, ಕಾಲಿಡುವ ಜಾಗದಲ್ಲಿ ದಿಂಬುಗಳ ನಡುವೆ ಕೂರಿಸಿ ಕರೆದೊಯ್ದಿದ್ದಳು. ಅವನು ದಾರಿಯುದ್ದಕ್ಕೂ ಕಿರುಚುತ್ತಿದ್ದ. ಕೋಲಾರದಿಂದ ಪೆಟ್ಟಿಗೆ ಹೊತ್ತು ತಂದು ಅಂಗಳದಲ್ಲೇ ಬಿಚ್ಚಿದಳು. ನೀಲಿ ಬಟ್ಟೆ, ಹೊಳೆಯುವ ಬಕಲ್ಲು. ಬೆನ್ನಿಗೆ ಅಂಟಿಸಿದ್ದ ಇಂಗ್ಲಿಷ್ ಚೀಟಿಯನ್ನು ಬೆರಳಿಟ್ಟು ಓದಿದಳು. ಒಂಬತ್ತರಿಂದ ಹದಿನೆಂಟು ಕೇಜಿ.

ದೊಡ್ಡು ಆಗ ಹದಿನೆಂಟೂವರೆ ಇದ್ದ.

ಆದರೂ ಕೂರಿಸಿ ನೋಡಿದಳು. ಪಟ್ಟಿ ಹೆಗಲಿನ ಮೇಲಿಂದ ಬರುವ ಬದಲು ಕಂಕುಳ ಹತ್ತಿರದಿಂದ ಹೊರಟಿತು. ಬಕಲ್ಲು ಹೊಟ್ಟೆಯ ಮೇಲೆ ಸೇರಲು ನಾಲ್ಕು ಬೆರಳು ದೂರ. ಸಾಲದ್ದಕ್ಕೆ ಆ ಸೀಟನ್ನು ಬಿಗಿಯಲು ಕಾರಿಗೇ ಬೇರೆ ಪಟ್ಟಿ, ಕೊಂಡಿ ಇರಬೇಕಂತೆ. ಅಂಬಾಸಿಡರಿನಲ್ಲಿ ಅಂಥದ್ದು ಒಂದೂ ಇರಲಿಲ್ಲ. ಭಾರತಮ್ಮ ಜಗಲಿ ಮೇಲೆ ಕೂತು ಅತ್ತಳು. ಮಗುವಿನ ತುಟಿ ಸೀಳಿದ ದಿನ ಕೂಡ ಅವಳು ಅತ್ತಿರಲಿಲ್ಲ.

"ಹೋಗ್ಲಿ ಬಿಡೇ. ಇನ್ನೊಂದೆರಡು ವರ್ಷ. ಆಮೇಲೆ ಅವನೇ ಕೂತ್ಕೊತಾನೆ," ಅಂದ ಗಂಗುಲಪ್ಪ.

"ಆ ಎರಡು ವರ್ಷ ಎಮ್ಮೆಗಳು ರಸ್ತೆಗೆ ಬರಲ್ವಾ?"

ಮುಳಬಾಗಿಲಿನ ಹೆದ್ದಾರಿ ಬದಿಯಲ್ಲಿ ಪೆದ್ದಪ್ಪನ ಕುಶನ್ ಅಂಗಡಿ ಇತ್ತು. ಮದ್ರಾಸಿಗೆ ಹೋಗುವ ಲಾರಿಗಳ ಸೀಟು ಹೊಲಿಯುವವನು. ಮರುದಿನ ಸಂಜೆ ಭಾರತಮ್ಮ ಲಂಡನ್ ಸೀಟನ್ನು ಒಂದು ಕಂಕುಳಲ್ಲಿ, ಮಗನನ್ನು ಇನ್ನೊಂದರಲ್ಲಿ ಇಟ್ಟುಕೊಂಡು ಅಲ್ಲಿಗೆ ಹೋದಳು.

"ಏಮಮ್ಮಾ, ಪಿಲ್ಲೋಡಿಕಾ, ಈ ಹುಡುಗನಿಗಾ ಸೀಟು?" ಪೆದ್ದಪ್ಪ ಸೂಜಿ ಕೆಳಗಿಟ್ಟು ದೊಡ್ಡುವನ್ನು ಮೇಲಿಂದ ಕೆಳಗೆ ನೋಡಿದ. "ನಾನು ಲಾರಿ ಸೀಟು ಮಾಡೋನು ತಾಯಿ."

"ಇವನಿಗೆ ಲಾರಿ ಸೀಟೇ ಬೇಕು. ಇದೇ ಥರ, ಇದಕ್ಕಿಂತ ದೊಡ್ಡದು. ಪಟ್ಟಿ ಹೆಗಲಿಗಿಂತ ಮೇಲಿಂದ ಬರಬೇಕು. ಬೆಳೆದ ಹಾಗೆ ಮೇಲೆ ಮಾಡೋ ಹಂಗಿರಬೇಕು. ಬ್ರೇಕ್ ಹಾಕಿದ್ರೆ ಸೀಟು ಕಾರಿಂದ ಕಿತ್ತು ಬರಬಾರದು."

ಪೆದ್ದಪ್ಪ ಲಂಡನ್ ಸೀಟನ್ನು ತಿರುಗಿಸಿ ಮುರುಗಿಸಿ ನೋಡಿದ. ಅವನಿಗೆ ಅದು ಹಿಡಿಸಿತು. ಲಾರಿ ಸೀಟಿನ ಕಬ್ಬಿಣದ ಚೌಕಟ್ಟು ಕತ್ತರಿಸಿ, ತೆಂಗಿನ ನಾರು ತುಂಬಿ, ಸರಕು ಬಿಗಿಯುವ ಕ್ಯಾನ್ವಾಸ್ ಪಟ್ಟಿ ಹೊಲಿದು ಒಂದು ತಿಂಗಳಲ್ಲಿ ಮಾಡಿಕೊಟ್ಟ. ಅದನ್ನು ಕಾರಿಗೆ ಸಿಕ್ಕಿಸಲು ಮಾತ್ರ ನೆಲದ ತಗಡಿಗೆ ನಾಲ್ಕು ತೂತು ಕೊರೆದು ಬೋಲ್ಟ್ ಹಾಕಲೇಬೇಕು ಅಂದ.

ಗಂಗುಲಪ್ಪ ಹೌಹಾರಿದ. "ನನ್ನ ಕಾರಿಗೆ ತೂತಾ? ಅದೂ ಹಿಂದಿನ ಸೀಟಲ್ಲಿ? ಬಾಡಿಗೆಯವರು ಎಲ್ಲಿ ಕೂತ್ಕೊತಾರೆ?"

ಎಂಟು ದಿನ ಗಂಡ ಹೆಂಡತಿ ಮಾತಾಡಲಿಲ್ಲ. ಆ ಎಂಟು ದಿನವೂ ಭಾರತಮ್ಮ ಮಗನನ್ನು ಎತ್ತಿಕೊಂಡು ಬಸ್ಸಿನಲ್ಲಿ ಬೈರಕೂರಿಗೆ ಹೋದಳು. ಹದಿನೆಂಟೂವರೆ ಕೇಜಿ ಎತ್ತಿಕೊಂಡು ಬಸ್ಸಿನಲ್ಲಿ ನಿಂತು ಅವಳ ಸೊಂಟ ಹಿಡಿಯಿತು. ಒಂಬತ್ತನೆಯ ದಿನ ಗಂಗುಲಪ್ಪ ಕಾರನ್ನು ಪೆದ್ದಪ್ಪನ ಅಂಗಡಿ ಮುಂದೆ ತಂದು ನಿಲ್ಲಿಸಿದ. ತೂತು ಕೊರೆಯುವಾಗ ಮಾತ್ರ ಚಹಾ ಅಂಗಡಿಗೆ ಹೋಗಿ ಕೂತ.

ಭಾರತಮ್ಮ ಅಷ್ಟಕ್ಕೇ ಮಗನನ್ನು ಕೂರಿಸಲು ಒಪ್ಪಲಿಲ್ಲ. ಹತ್ತೊಂಬತ್ತು ಕೇಜಿ ರಾಗಿ ತುಂಬಿದ ಮೂಟೆಯನ್ನು ಸೀಟಿಗೆ ಬಿಗಿದು, ಬೈಪಾಸಿನ ಖಾಲಿ ರಸ್ತೆಯಲ್ಲಿ ಜೋರಾಗಿ ಹೋಗಿ ಬ್ರೇಕ್ ಹಾಕಲು ಹೇಳಿದಳು. ಮೊದಲ ಸಲ ಸೀಟಿನ ಬೆನ್ನು ಮುಂದಕ್ಕೆ ಮಗುಚಿ ಮೂಟೆ ಗಂಗುಲಪ್ಪನ ಬೆನ್ನಿಗೆ ಬಡಿಯಿತು. ಪೆದ್ದಪ್ಪ ಸೀಟಿನ ತಲೆಯಿಂದ ಹಿಂದಕ್ಕೆ ಇನ್ನೊಂದು ಪಟ್ಟಿ ಎಳೆದು ಕಟ್ಟಿದ. ಎರಡನೆಯ ಸಲ ಸೀಟು ನಿಂತಿತು, ಮೂಟೆ ಪಟ್ಟಿಯಡಿ ಜಾರಿ ಕೆಳಗೆ ಬಿತ್ತು. ಬಿಚ್ಚಿಕೊಂಡ ರಾಗಿ ಕಾರಿನ ತುಂಬ ಚೆಲ್ಲಿತು. ಅದನ್ನು ಗುಡಿಸುತ್ತ ಗಂಗುಲಪ್ಪ ಆಡಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಪೆದ್ದಪ್ಪ ಈಗ ತೊಡೆಗಳ ನಡುವೆ ಬರುವ ಹಾಗೆ ಒಂದು ಪಟ್ಟಿ ಹೊಲಿದ. ಮೂರನೆಯ ಸಲ ಮೂಟೆ ಕದಲಲಿಲ್ಲ.

"ಇನ್ನೊಂದ್ಸಲ," ಅಂದಳು ಭಾರತಮ್ಮ.

"ಸಾಕಮ್ಮಾ, ಟೈರು ಸವೆಯುತ್ತೆ," ಅಂತ ಪೆದ್ದಪ್ಪನೇ ಕೈಮುಗಿದ.

ಎಂಬತ್ತನಾಲ್ಕರ ಸಂಕ್ರಾಂತಿಗೆ ದೊಡ್ಡು ಸೀಟಿನಲ್ಲಿ ಕೂತ. ಕೂತ ಗಳಿಗೆಯಿಂದ ಅದನ್ನು ದ್ವೇಷಿಸಿದ. ಬೆನ್ನು ಬಿಲ್ಲಿನ ಹಾಗೆ ಸೆಟೆಸಿ ಅರಚುತ್ತಿದ್ದ. ವಾರದೊಳಗೆ ಬಕಲ್ಲು ಬಿಚ್ಚುವುದನ್ನು ಕಲಿತ. ಪೆದ್ದಪ್ಪ ಬಕಲ್ಲನ್ನು ಗಟ್ಟಿ ಮಾಡಿದ ಮೇಲೆ ಅದನ್ನು ಬಿಚ್ಚಲು ಹೋಗಿ ಭಾರತಮ್ಮನ ಉಗುರೇ ಕಿತ್ತು ಬಂತು. ಇದರ ನಡುವೆ ಗಂಗುಲಪ್ಪ ಮದುವೆ ಬಾಡಿಗೆ ಬಂದಾಗಲೆಲ್ಲ ಸೀಟು ಬಿಚ್ಚಿ ಮನೆಯಲ್ಲಿಟ್ಟು, ಮತ್ತೆ ಹಾಕಲು ಮರೆಯುತ್ತಿದ್ದ. ಬೆಳಗ್ಗೆ ಡ್ಯೂಟಿಗೆ ಹೊತ್ತಾಗುತ್ತಿರುವಾಗ ಭಾರತಮ್ಮ ನರ್ಸಿನ ಬಿಳಿ ಸೀರೆಯಲ್ಲೇ ಕಾರಿನೊಳಗೆ ಮಂಡಿಯೂರಿ ಸ್ಪ್ಯಾನರ್ ತಿರುಗಿಸುತ್ತಿದ್ದಳು. ರಾಯಲ್ಪಾಡಿನಿಂದ ಬಂದ ಅತ್ತೆ ಮೊಮ್ಮಗನನ್ನು ಆ ಸೀಟಿನಲ್ಲಿ ಕಂಡು, "ಕೋಳಿ ಕಟ್ಟಿದಂಗೆ ಕಟ್ಟಿದೀಯಲ್ಲೇ, ನಿನ್ನ ಹೊಟ್ಟೇಲಿ ಕರುಳಿಲ್ವಾ?" ಅಂತ ಬೈದು, ಸೊಸೆ ಬೇಡವೆಂದರೂ ಬಿಚ್ಚಿ ತೊಡೆಯ ಮೇಲೆ ಕೂರಿಸಿಕೊಂಡಳು. ಭಾರತಮ್ಮ ಕಾರು ನಿಲ್ಲಿಸಲು ಹೇಳಿ ಇಳಿದು, ಮಗ ಮತ್ತೆ ಸೀಟಿಗೆ ಹೋಗುವವರೆಗೂ ರಸ್ತೆಯಲ್ಲೇ ನಿಂತಳು. ಆ ಜಗಳ ಶ್ರೀನಿವಾಸಪುರದ ನೆಂಟರವರೆಗೂ ಹಬ್ಬಿತು.

ಆ ವರ್ಷದ ಕಾರ್ತಿಕದಲ್ಲಿ ಒಂದು ಬೆಳಗ್ಗೆ ಕೆರೆ ಏರಿಯ ತಿರುವಿನಲ್ಲಿ ಮೇಕೆಗಳ ಹಿಂಡು ಎದುರಾಯಿತು. ಗಂಗುಲಪ್ಪ ಬ್ರೇಕ್ ಒತ್ತಿದ ರಭಸಕ್ಕೆ, ಹಿಂದೆ ಮಗನ ಪಕ್ಕ ಕೂತಿದ್ದ ಭಾರತಮ್ಮನ ಹಣೆ ಮುಂದಿನ ಸೀಟಿಗೆ ಬಡಿಯಿತು. ಅವಳ ಪಕ್ಕದಲ್ಲಿದ್ದ ಊಟದ ಕ್ಯಾರಿಯರ್ ಹಾರಿ ಹೋಗಿ ಸಾರೆಲ್ಲ ಡ್ಯಾಶ್‌ಬೋರ್ಡಿನ ಮೇಲೆ ಚೆಲ್ಲಿತು. ಅವಳು ತಿರುಗಿ ನೋಡಿದಳು. ದೊಡ್ಡು ಸೀಟಿನಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದ. ತಲೆ ಒಂದಿಷ್ಟು ಮುಂದೆ ಬಾಗಿತ್ತು, ಅಷ್ಟೆ.

"ನೋಡಿದ್ರಾ?" ಅಂದಳು.

ಗಂಗುಲಪ್ಪ ರೇಡಿಯೋ ಮೇಲಿನ ಸಾರನ್ನು ಟವೆಲಿನಲ್ಲಿ ಒರೆಸುತ್ತಿದ್ದ. "ಏನ್ನ ನೋಡೋದು? ಮುಚ್ಚಳ ಸರಿಯಾಗಿ ಹಾಕ್ಬಾರ್ದಾ?"

"ಮಗೂನ ನೋಡ್ರೀ. ಏನೂ ಆಗಿಲ್ಲ."

"ಏನೂ ಆಗಿಲ್ವಲ್ಲ, ಮತ್ಯಾಕೆ ಕೂಗ್ತೀಯ?"

ಆಗದೆ ಇದ್ದದ್ದನ್ನು ತೋರಿಸುವುದು ಹೇಗೆ? ಭಾರತಮ್ಮ ಹಣೆ ಉಜ್ಜಿಕೊಂಡು ಉರುಳಿದ ಕ್ಯಾರಿಯರನ್ನು ಎತ್ತಿಟ್ಟಳು.

ದೊಡ್ಡು ಆರು ವರ್ಷ ತುಂಬುವವರೆಗೂ, ಅವನ ತಲೆ ಸೀಟಿನ ಬೆನ್ನಿಗಿಂತ ಮೇಲೆ ಬರುವವರೆಗೂ ಅದರಲ್ಲೇ ಕೂತ. ಆರಾರು ತಿಂಗಳಿಗೊಮ್ಮೆ ಪೆದ್ದಪ್ಪ ಬೈದುಕೊಂಡೇ ಪಟ್ಟಿಯನ್ನು ಮೇಲಿನ ತೂತಿಗೆ ಏರಿಸಿಕೊಟ್ಟ. ದೊಡ್ಡದೇನೂ ಅಪಘಾತವಾಗಲಿಲ್ಲ. ಹೀಗಾಗಿ ಸುಮ್ಮನೆ ಇಷ್ಟೆಲ್ಲ ರಂಪ ಮಾಡಿದಳು ಅನ್ನುವ ಮಾತು ಮುಳಬಾಗಿಲಿನಲ್ಲಿ ಹಾಗೇ ಉಳಿಯಿತು.

ಸೀಟು ಬಿಚ್ಚಿಟ್ಟ ಕೆಲವು ದಿನಕ್ಕೆ ಚನ್ನರಾಯಪ್ಪ ಮನೆ ಬಾಗಿಲಿಗೆ ಬಂದ. ಟವೆಲನ್ನು ಹೆಗಲಿನಿಂದ ಇಳಿಸಿ, "ಅಮ್ಮಾ, ಮಗಳು ಕೂಸಿನ ಜೊತೆ ಬಂದಿದ್ದಾಳೆ. ಆ ಸೀಟು ಸುಮ್ನೆ ಬಿದ್ದಿದ್ರೆ..." ಅಂದ.

ಭಾರತಮ್ಮನ ಮುಖ ಅರಳಿತು. "ಮಗು ಎಷ್ಟು?"

"ಒಂದೂವರೆ ವರ್ಷ."

"ವರ್ಷ ಅಲ್ಲಣ್ಣ, ತೂಕ. ಎತ್ತರ ಎಷ್ಟಿದೆ? ತೀರ ಚಿಕ್ಕದಾದ್ರೆ ಪಟ್ಟಿ ಕುತ್ತಿಗೆಗೆ ಬರುತ್ತೆ. ಮಗೂನ ಕರ್ಕೊಂಡ್ ಬನ್ನಿ, ತೂಗಿ ಅಳತೆ ತಗೊಂಡು ಕೊಡ್ತೀನಿ. ನಂದು ದೊಡ್ಡದಾದ್ರೆ ಆ ಲಂಡನ್ನಿಂದು ಇದೆ. ಅದಕ್ಕೆ ಕೊಂಡಿ ಪೆದ್ದಪ್ಪ ಮಾಡ್ತಾನೆ. ತೂತು ಮಾತ್ರ ಕೊರೀಬೇಕು."

ಚನ್ನರಾಯಪ್ಪ ತಲೆಯಾಡಿಸಿ, ನಾಳೆ ಬರ್ತೀವಿ ಅಂತ ಹೇಳಿ ಹೋದ. ಭಾರತಮ್ಮ ಎರಡು ಸೀಟನ್ನೂ ಸೋಪು ಹಾಕಿ ತೊಳೆದು ಬಿಸಿಲಿಗಿಟ್ಟಳು. ಮರುದಿನ ರಜಾ ಹಾಕಿ ಮಧ್ಯಾಹ್ನದವರೆಗೂ ಕಾದಳು. ಯಾರೂ ಬರಲಿಲ್ಲ.

ಸಂಜೆ ತರಕಾರಿಗೆಂದು ಹೋದಾಗ ಚನ್ನರಾಯಪ್ಪನ ಟ್ಯಾಕ್ಸಿ ಎದುರಿಗೆ ಬಂತು. ಮುಂದಿನ ಸೀಟಿನ ಮೇಲೆ ಕೆಂಪು ಲಂಗದ ಪುಟ್ಟ ಮೊಮ್ಮಗಳು ಗಾಜಿಗೆ ಎರಡು ಕೈ ಊರಿ ನಿಂತಿದ್ದಳು. ಭಾರತಮ್ಮ ಚೀಲ ಕೆಳಗಿಟ್ಟು, ನಿಲ್ಲಿಸು ಅಂತ ಎರಡು ಕೈಯೂ ಎತ್ತಿದಳು. ಚನ್ನರಾಯಪ್ಪ ಅದನ್ನು ನಮಸ್ಕಾರ ಅಂದುಕೊಂಡು, ನಗುತ್ತ ಹಾರನ್ ಒತ್ತಿ ಮುಂದೆ ಹೋದ.